ಸರ್ಟಿಫಿಕೇಟ್ ಸರಿ, ಮಾಡಿದ್ದೇನು?

ಹೊಸದಾಗಿ ಡಿಗ್ರಿ ಮುಗಿಸಿದವರ ರೆಸ್ಯೂಮೆಯ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ. 'ಸಮಾಜಸೇವಾ ಚಟುವಟಿಕೆಗಳಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದೇನೆ.' ಕೆಳಗೆ ಒಂದಿಷ್ಟು ಸಂಸ್ಥೆಗಳ ಹೆಸರು. ರಕ್ತದಾನ ಶಿಬಿರ, ಗಿಡ ನೆಟ್ಟಿದ್ದು, ಮ್ಯಾರಥಾನ್‌ನಲ್ಲಿ ನೀರು ಹಂಚಿದ್ದು. ಇಂಟರ್‌ವ್ಯೂ ಮಾಡುವವರ ಸಾಲಿನಲ್ಲಿ ಕೂತು ಇಂಥವನ್ನು ಸಾಕಷ್ಟು ಓದಿದ್ದೇನೆ. ಅದನ್ನು ಬರೆದವರು ಎಂಥವರು ಅಂತ ಆ ಸಾಲಿನಿಂದ ಏನೇನೂ ಗೊತ್ತಾಗುವುದಿಲ್ಲ. ಆದರೆ ಯಾವಾಗಲಾದರೂ ಒಮ್ಮೆ ಅದೇ ಜಾಗದಲ್ಲಿ ಬೇರೆ ಥರದ ಸಾಲು ಸಿಗುತ್ತದೆ. 'ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಎರಡು ವರ್ಷ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿದೆ. ಎರಡನೇ ವರ್ಷ ಯಾರು ಯಾವತ್ತು ಓದಬೇಕು ಅಂತ ಪಾಳಿ ಹಾಕುವ ಕೆಲಸ ನನ್ನದಾಗಿತ್ತು.' ಇದನ್ನು ಓದಿದ ಮೇಲೆ ಆ ಅರ್ಜಿಯನ್ನು ಪಕ್ಕಕ್ಕಿಡಲು ಮನಸ್ಸು ಬರುವುದಿಲ್ಲ. ಕರೆಸಿ ಮಾತಾಡಿಸೋಣ ಅನ್ನಿಸುತ್ತದೆ.

'ಓದುವಾಗ ವಾಲಂಟಿಯರ್ ಆಗಿ ದುಡಿದರೆ ಮುಂದೆ ಕೆಲಸ ಸಿಗೋಕೆ ಸಹಾಯ ಆಗುತ್ತಾ?' ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಆಗುತ್ತದೆ. ಆದರೆ ಸರ್ಟಿಫಿಕೇಟ್‌ನಿಂದ ಅಲ್ಲ. ಸಂಬಳ ಕೊಡದ ಒಂದು ಜಾಗದಲ್ಲಿ ನಿಮ್ಮನ್ನು ನಂಬಿ ಒಂದು ಜವಾಬ್ದಾರಿ ಕೊಟ್ಟಿದ್ದರು, ನೀವು ಅದನ್ನು ಅರ್ಧಕ್ಕೆ ಬಿಟ್ಟು ಓಡಲಿಲ್ಲ ಅನ್ನುವುದರಿಂದ.

ಇದು ನನ್ನೊಬ್ಬನ ಅನಿಸಿಕೆ ಅಂತ ಬಿಟ್ಟುಬಿಡಬೇಡಿ. ಈ ವಿಷಯದಲ್ಲಿ ಒಳ್ಳೆಯ ಅಧ್ಯಯನಗಳು ನಡೆದಿವೆ. ನನಗೆ ಹೆಚ್ಚು ಇಷ್ಟವಾದದ್ದು ಬೆಲ್ಜಿಯಂನಲ್ಲಿ ಬಾರ್ಟ್ ಮತ್ತು ವುಯಿಚ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ್ದು. ಯಾರನ್ನೂ ಕೂರಿಸಿಕೊಂಡು ಅಭಿಪ್ರಾಯ ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಸುಮ್ನೆ ಕಾಲ್ಪನಿಕ ಅರ್ಜಿಗಳನ್ನು ತಯಾರಿಸಿ, ನಿಜವಾಗಿ ಖಾಲಿ ಇದ್ದ ಹುದ್ದೆಗಳಿಗೆ ಕಳಿಸಿದರು. ಕೆಲವು ಅರ್ಜಿಗಳಲ್ಲಿ ಸ್ವಯಂಸೇವೆಯ ಪ್ರಸ್ತಾಪ ಇತ್ತು, ಕೆಲವುಗಳಲ್ಲಿ ಇರಲಿಲ್ಲ. ಪ್ರಸ್ತಾಪ ಇದ್ದ ಅರ್ಜಿಗಳಿಗೆ ಇಂಟರ್‌ವ್ಯೂ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಜಾಸ್ತಿಯಾಗಿತ್ತು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಒಂದು ಕಡೆ ಸೇವೆ ಮಾಡಿದ್ದೇನೆ ಅಂತ ಬರೆದರೂ, ಹಲವು ಕಡೆ ಮಾಡಿದ್ದೇನೆ ಅಂತ ಬರೆದರೂ ಲಾಭ ಒಂದೇ. ಸರ್ಟಿಫಿಕೇಟ್ ಗುಡ್ಡೆ ಹಾಕಿಕೊಳ್ಳುವವರು ಇದನ್ನು ಎರಡು ಸಲ ಓದಬೇಕು.

ಇದೇ ಇಬ್ಬರು 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಓದಿದಾಗ ಮಾತ್ರ ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಸ್ವಯಂಸೇವೆಯ ಪ್ರಸ್ತಾಪ ಇಲ್ಲದ ಅರ್ಜಿಗಳಲ್ಲಿ, ವಲಸೆ ಬಂದವರಿಗಿಂತ ಸ್ಥಳೀಯರಿಗೆ ಎರಡು ಪಟ್ಟಿಗೂ ಹೆಚ್ಚು ಇಂಟರ್‌ವ್ಯೂ ಕರೆಗಳು ಬಂದಿದ್ದವು. ಇಬ್ಬರ ಅರ್ಜಿಯಲ್ಲೂ ಸ್ವಯಂಸೇವೆ ಇದ್ದಾಗ ಆ ಅಂತರ ಕಾಣಲಿಲ್ಲ. ಹೊರಗಿನಿಂದ ಬಂದವರಿಗೆ ಇದೊಂದು ದಾರಿ ಅಂತ ಸಂತೋಷಪಡಬಹುದು. ಆದರೆ ಒಬ್ಬನಿಗೆ ಹುಟ್ಟಿನಿಂದಲೇ ಸಿಗುವ ಗೌರವವನ್ನು ಇನ್ನೊಬ್ಬ ಬಿಟ್ಟಿ ದುಡಿದು ಸಂಪಾದಿಸಬೇಕು ಅಂದರೆ ತಪ್ಪು ಅರ್ಜಿ ಹಾಕುವವನದ್ದಲ್ಲ, ಅರ್ಜಿ ನೋಡುವವರದ್ದು.

ಈಗ ಇನ್ನೊಂದು ಮುಖ. ಇಂಟರ್‌ವ್ಯೂಗೆ ಕರೆ ಬಂತು ಅಂದರೆ ಕೆಲಸ ಸಿಕ್ಕಿತು ಅಂತಲ್ಲ. ಡೆನ್ಮಾರ್ಕ್‌ನಲ್ಲಿ 2012ರ ಒಂದು ಸಮೀಕ್ಷೆಯನ್ನು ಸರ್ಕಾರದ ನಿರುದ್ಯೋಗ ದಾಖಲೆಗಳ ಜೊತೆ ಜೋಡಿಸಿ ನೋಡಿದ ಸಂಶೋಧಕರಿಗೆ, ಸ್ವಯಂಸೇವೆಯಿಂದ ಉದ್ಯೋಗದ ಸಾಧ್ಯತೆಯಲ್ಲಿ ಗಟ್ಟಿಯಾಗಿ ಹೇಳಬಹುದಾದ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದಲ್ಲಿ 2013ರಲ್ಲಿ ಬಂದ ಒಂದು ಸರ್ಕಾರಿ ವರದಿಯ 27% ಎಂಬ ಅಂಕಿಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಕೆಲಸ ಕಳೆದುಕೊಂಡವರಲ್ಲಿ ಸ್ವಯಂಸೇವೆ ಮಾಡಿದವರು ಮತ್ತೆ ಕೆಲಸ ಹಿಡಿಯುವ ಸಂಭವ ಅಷ್ಟು ಹೆಚ್ಚು ಅಂತ. ಇರಬಹುದು. ಆದರೆ ಕೆಲಸ ಇಲ್ಲದ ಹೊತ್ತಿನಲ್ಲೂ ಹೊರಗೆ ಬಂದು ಬೇರೆಯವರಿಗಾಗಿ ದುಡಿಯುವ ಮನುಷ್ಯ ಮೊದಲೇ ಚುರುಕಾಗಿರುತ್ತಾನೆ, ನಾಲ್ಕು ಜನರ ಪರಿಚಯ ಇಟ್ಟುಕೊಂಡಿರುತ್ತಾನೆ ಅಲ್ವಾ? ಕೆಲಸ ಸಿಕ್ಕಿದ್ದು ಸೇವೆಯಿಂದಲೋ, ಅವನ ಸ್ವಭಾವದಿಂದಲೋ? ಈ ಎರಡನ್ನು ಪೂರ್ತಿಯಾಗಿ ಬಿಡಿಸಿ ನೋಡುವುದು ಕಷ್ಟ. ಅದಕ್ಕೇ 'ಸೇವೆ ಮಾಡಿ, ಕೆಲಸ ಗ್ಯಾರಂಟಿ' ಅನ್ನುವ ಪೋಸ್ಟರ್ ಕಂಡರೆ ನಂಬಬೇಡಿ.

ಒಂದು ಸಾಲು ಕೆಲಸ ಮಾಡುತ್ತದೆ, ಇನ್ನೊಂದು ಸಾಲು ಕೆಲಸಕ್ಕೆ ಬರುವುದಿಲ್ಲ. ಯಾಕೆ? ಇದಕ್ಕೆ ಮೈಕಲ್ ಸ್ಪೆನ್ಸ್ 1973ರಲ್ಲೇ ಉತ್ತರ ಕೊಟ್ಟಿದ್ದಾರೆ. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಅವರ ವಾದ ಇಷ್ಟೇ. ಕೆಲಸ ಕೊಡುವವನಿಗೆ ನಿಮ್ಮ ಒಳಗುಣ ಕಾಣುವುದಿಲ್ಲ, ಹೊರಗಿನ ಗುರುತು ನೋಡಿ ಅಂದಾಜು ಮಾಡುತ್ತಾನೆ. ಆ ಗುರುತಿಗೆ ಬೆಲೆ ಬರಬೇಕಾದರೆ ಅದನ್ನು ಪಡೆಯುವುದು ಯೋಗ್ಯತೆ ಇಲ್ಲದವರಿಗೆ ಕಷ್ಟವಾಗಿರಬೇಕು. ಒಂದು ಬೆಳಿಗ್ಗೆ ಹೋಗಿ, ಬ್ಯಾನರ್ ಹಿಡಿದು, ಫೋಟೋ ತೆಗೆಸಿಕೊಂಡು, ಸರ್ಟಿಫಿಕೇಟ್ ತರುವುದು ಯಾರಿಗೆ ಕಷ್ಟ? ಎಲ್ಲರೂ ತರುತ್ತಾರೆ. ಎಲ್ಲರ ಹತ್ತಿರ ಇರುವುದನ್ನು ನೋಡಿ ಯಾರನ್ನು ಆರಿಸುವುದು? ಎರಡು ವರ್ಷ ಒಂದೇ ಕಡೆ ನಿಂತು ದುಡಿಯುವುದು ಮಾತ್ರ ಎಲ್ಲರ ಕೈಲಿ ಆಗುವ ಮಾತಲ್ಲ.

ಸಂಶೋಧಕಿ ಫೆಮಿಡಾ ಹ್ಯಾಂಡಿ ಮತ್ತು ಸಂಗಡಿಗರು 12 ದೇಶಗಳ ಒಂಬತ್ತು ಸಾವಿರಕ್ಕೂ ಹೆಚ್ಚು ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರ ಬರುತ್ತದೆ. ರೆಸ್ಯೂಮೆಗಾಗಿ ಸೇವೆಗೆ ಬರುವವರು ಉಳಿದವರಿಗಿಂತ ಹೆಚ್ಚೇನೂ ಸೇವೆ ಮಾಡುವುದಿಲ್ಲ. ಅಷ್ಟೇ ಅಲ್ಲ, ಕೆಲಸ ಕೊಡುವವರು ಸೇವೆಗೆ ಬೆಲೆ ಕೊಡುವ ದೇಶಗಳಲ್ಲಿ ಅವರು ಕೊಡುವ ಸಮಯ ಕಡಿಮೆ. ಗುರುತಿಗೆ ಬೆಲೆ ಬಂದ ಕಡೆಯೇ ಕಾಟಾಚಾರವೂ ಬಂದು ಸೇರಿಕೊಳ್ಳುತ್ತದೆ.

ಹಾಗಾದರೆ ಸ್ವಂತ ಲಾಭ ಯೋಚಿಸುವುದೇ ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ಜನ ಯಾಕೆ ಸ್ವಯಂಸೇವೆ ಮಾಡುತ್ತಾರೆ ಅಂತ ಮನಶ್ಶಾಸ್ತ್ರಜ್ಞರು 1998ರಲ್ಲಿ ಪಟ್ಟಿ ಮಾಡಿದ ಆರು ಕಾರಣಗಳಲ್ಲಿ ವೃತ್ತಿಯೂ ಒಂದು. ಪರೋಪಕಾರದ ಜೊತೆ ಸ್ವಲ್ಪ ಸ್ವಾರ್ಥ ಬೆರೆತರೆ ಆಕಾಶವೇನೂ ಬೀಳುವುದಿಲ್ಲ.

ರೆಸ್ಯೂಮೆಯ ಮಾತು ಬಿಡಿ. ನಿಜವಾದ ಲಾಭ ಇರುವುದು ಬೇರೆ ಕಡೆ.

ಮೊದಲನೆಯದು ಜನ. ಕಾಲೇಜಿನಲ್ಲಿ ನಿಮ್ಮ ಸುತ್ತ ಇರುವವರೆಲ್ಲ ನಿಮ್ಮದೇ ವಯಸ್ಸಿನವರು, ನಿಮ್ಮದೇ ಕ್ಲಾಸಿನವರು. ನೀವು ಹುಡುಕುವ ಕೆಲಸವನ್ನೇ ಅವರೂ ಹುಡುಕುತ್ತಿರುತ್ತಾರೆ. ನಿಮಗೆ ಗೊತ್ತಿರುವುದು ಅವರಿಗೂ ಗೊತ್ತು, ಗೊತ್ತಿಲ್ಲದ್ದು ಅವರಿಗೂ ಗೊತ್ತಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು 'ಆ ಪರಿಚಯದವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?' ಅಂತ ಕೇಳಿದ್ದಾರೆ. ಪದೇ ಪದೇ ಭೇಟಿಯಾಗುತ್ತಿದ್ದೆವು ಅಂದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆಲ್ಲ ಕೆಲಸದ ಸುದ್ದಿ ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಕಾಣುವ, ಮುಖಪರಿಚಯಕ್ಕಿಂತ ಸ್ವಲ್ಪ ಮೇಲಿನ ಮಂದಿಯಿಂದ. ಸ್ವಯಂಸೇವಾ ಗುಂಪಿನಲ್ಲಿ ನಿಮಗೆ ಸಿಗುವುದು ಇಂಥವರೇ. ನಿವೃತ್ತ ಲೆಕ್ಕಾಧಿಕಾರಿ, ಪಾಳಿ ಮುಗಿಸಿ ಬಂದ ನರ್ಸ್, ವಕೀಲರು, ಡ್ರೈವರ್, ಸಣ್ಣ ಉದ್ಯಮ ನಡೆಸುವವರು. ಇವರ್ಯಾರೂ ಕ್ಯಾಂಪಸ್ ಒಳಗೆ ಕಾಣಸಿಗುವವರಲ್ಲ. ಮಾರ್ಕ್ಸ್ ಕಾರ್ಡ್ ನೋಡಿ ನಿಮ್ಮನ್ನು ಅಳೆಯುವವರೂ ಅಲ್ಲ. ಸುಸ್ತಾದಾಗ, ಜಗಳ ಬಂದಾಗ, ಲೆಕ್ಕ ತಪ್ಪಿದಾಗ ನೀವು ಹೇಗಿರುತ್ತೀರಿ ಅಂತ ಕಣ್ಣಾರೆ ನೋಡಿರುತ್ತಾರೆ. ಅವರ ಒಂದು ಮಾತು ಪ್ರೊಫೆಸರ್ ಕೊಡುವ ಅಚ್ಚುಕಟ್ಟಾದ ಪತ್ರಕ್ಕಿಂತ ತೂಕದ್ದು.

ಎರಡನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಸ್ವಯಂಸೇವಾ ಗುಂಪಿನಲ್ಲಿ ಯಾರ ಮೇಲೂ ಯಾರಿಗೂ ಅಧಿಕಾರ ಇರುವುದಿಲ್ಲ. ಬರದಿದ್ದರೆ ಸಂಬಳ ಕತ್ತರಿಸುತ್ತೇನೆ ಅನ್ನುವ ಹಾಗಿಲ್ಲ, ಯಾಕೆಂದರೆ ಸಂಬಳವೇ ಇಲ್ಲ. ಆದರೂ ಹೇಳಿದ ಹೊತ್ತಿಗೆ ಜನ ಬರುವ ಹಾಗೆ ಮಾಡಬೇಕು. ಬಂದವರಿಗೆ ತಕ್ಕ ಕೆಲಸ ಹಚ್ಚಬೇಕು. ಬರುತ್ತೇನೆ ಅಂದು ಕೈಕೊಟ್ಟವರ ಜಾಗ ತುಂಬಬೇಕು. ಮುನಿಸಿಕೊಂಡವರನ್ನು ಸಮಾಧಾನ ಮಾಡಬೇಕು. ಮುಂದಿನ ಸಲವೂ ಅವರೇ ಬೇಕಲ್ಲ! ಇದನ್ನು ಇಪ್ಪತ್ತರ ವಯಸ್ಸಿನಲ್ಲಿ ಕಲಿಸುವ ಇನ್ನೊಂದು ಜಾಗ ನನಗಂತೂ ಗೊತ್ತಿಲ್ಲ. ಆಫೀಸಿನಲ್ಲಿ ಹೊಸಬರಿಗೆ ಇಂಥ ಜವಾಬ್ದಾರಿ ಸಿಗಲು ವರ್ಷಗಳೇ ಬೇಕು.

ಕಂಪ್ಯೂಟರ್ ಓದುವವರಿಗೆ ಇನ್ನೊಂದು ಅನುಕೂಲ ಇದೆ. ಅವರು ಮಾಡಿದ್ದು ಎಲ್ಲರಿಗೂ ಕಾಣುತ್ತದೆ. 1991ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರು ಮಾಡಿದಾಗ ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಯಾರೂ ಸಂಬಳ ಕೊಟ್ಟಿರಲಿಲ್ಲ. ಎಲ್ಲರೂ ಲಿನಸ್ ಆಗುವುದಿಲ್ಲ ಬಿಡಿ. ಆದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಯೋಜನೆಯೊಂದಕ್ಕೆ ನೀವು ಬರೆದ ಕೋಡ್, ಅದನ್ನು ತಿದ್ದಿದವರ ಟೀಕೆ, ಅದಕ್ಕೆ ನೀವು ಕೊಟ್ಟ ಉತ್ತರ ಎಲ್ಲವೂ ದಾಖಲೆಯಾಗಿ ಉಳಿಯುತ್ತದೆ. ಅಲ್ಲಿ ಸರ್ಟಿಫಿಕೇಟ್ ಕೇಳುವವರೇ ಇಲ್ಲ. ಕೋಡ್ ಬರೆಯಲು ಬಾರದವರಿಗೂ ಇಂಥ ಜಾಗಗಳಿವೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಉಷಾಹಿದಿ ಎಂಬ ತಂತ್ರಾಂಶ ಬಳಸಿ, ಸಹಾಯ ಕೇಳಿ ಬರುತ್ತಿದ್ದ ಸಂದೇಶಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ಅದೇ ದಿನಗಳಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಬಿಡಿಸುವ ಆನ್‌ಲೈನ್ ನಕ್ಷೆಯ ಸ್ವಯಂಸೇವಕರು ಉಪಗ್ರಹದ ಚಿತ್ರ ನೋಡಿಕೊಂಡು ಅಲ್ಲಿನ ರಾಜಧಾನಿಯ ರಸ್ತೆಗಳನ್ನು ಬಿಡಿಸಿದರು. ಬಂದ ಸಂದೇಶ ನಿಜವೋ ಸುಳ್ಳೋ, ಯಾವುದು ಮೊದಲು, ಯಾವುದು ಆಮೇಲೆ ಅಂತ ಗಡಿಬಿಡಿಯಲ್ಲಿ ತೀರ್ಮಾನ ಮಾಡುವುದನ್ನು ಯಾವ ಸಿಲಬಸ್ ಕಲಿಸುತ್ತದೆ?

ವೈದ್ಯಕೀಯ, ಶಿಕ್ಷಣ, ಕಾನೂನು, ಸಮಾಜಕಾರ್ಯ ಓದುವವರಿಗೆ ಲಾಭ ಇನ್ನೂ ನೇರ. ಮತ್ತೆ, 'ಇದು ನನಗೆ ಒಗ್ಗುವುದಿಲ್ಲ' ಅಂತ ಬೇಗ ಗೊತ್ತಾಗುವುದೂ ಲಾಭವೇ. ಮಕ್ಕಳ ಜೊತೆ ಒಂದು ತಿಂಗಳು ಇದ್ದು ನನಗೆ ಟೀಚರ್ ಕೆಲಸ ಬೇಡಪ್ಪಾ ಅಂದುಕೊಂಡರೆ ಹಲವು ವರ್ಷ ಉಳಿಯಿತು.

ಈಗ ಎಚ್ಚರಿಕೆಯ ಮಾತು. ಸ್ವಯಂಸೇವೆ ಬೇರೆ, ಬಿಟ್ಟಿ ಚಾಕರಿ ಬೇರೆ. ಲಾಭಕ್ಕಾಗಿ ನಡೆಯುವ ಕಂಪನಿಯೊಂದು 'ಬಾ, ಅನುಭವ ಸಿಗುತ್ತೆ' ಅಂತ ಕರೆದು ಸಂಬಳ ಇಲ್ಲದೆ ಡೇಟಾ ತುಂಬಿಸಿಕೊಂಡರೆ ಅದಕ್ಕೆ ಸೇವೆ ಅನ್ನಬೇಡಿ. ಅಮೆರಿಕದ ಕಾರ್ಮಿಕ ಕಾನೂನಿನ ಪ್ರಕಾರ ಲಾಭದ ಖಾಸಗಿ ಕಂಪನಿಗೆ ಸ್ವಯಂಸೇವಕನಾಗಿ ದುಡಿಯಲು ಅವಕಾಶವೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕರೆದ ಅಂಕಿಅಂಶ ತಜ್ಞರ ಸಮ್ಮೇಳನ 2013ರಲ್ಲಿ ಒಪ್ಪಿದ ವ್ಯಾಖ್ಯೆಯಲ್ಲಿ ಸ್ವಯಂಸೇವೆಗೆ ಸಂಬಳ ಇರಬಾರದು, ಒತ್ತಾಯವೂ ಇರಬಾರದು, ಅದು ಬೇರೆಯವರಿಗಾಗಿ ಮಾಡುವ ಕೆಲಸವಾಗಿರಬೇಕು ಅಂತಿದೆ. ನೀವು ಹೋಗದಿದ್ದರೆ ಅದೇ ಕೆಲಸಕ್ಕೆ ಒಬ್ಬರನ್ನು ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತಿದ್ದರಾ ಅಂತ ಕೇಳಿಕೊಳ್ಳಿ. ಹೌದಾದರೆ ಅನುಮಾನ ಪಡಿ.

ಆ ವ್ಯಾಖ್ಯೆಯಲ್ಲಿರುವ 'ಒತ್ತಾಯ ಇರಬಾರದು' ಅನ್ನುವುದನ್ನು ವಿಶ್ವವಿದ್ಯಾಲಯಗಳೂ ಸ್ವಲ್ಪ ಓದಬೇಕು. ಸೇವೆಗೆ ಅಂಕ ಕೊಟ್ಟು ಕಡ್ಡಾಯ ಮಾಡಿದರೆ ಏನಾಗುತ್ತದೆ? 1999ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ನೋಡಿದರು. ತಾವಾಗಿಯೇ ಸೇವೆಗೆ ಹೋಗುವ ಮನಸ್ಸು ಮೊದಲೇ ಕಡಿಮೆ ಇದ್ದ ವಿದ್ಯಾರ್ಥಿಗಳನ್ನು ಕಡ್ಡಾಯವಾಗಿ ಕಳಿಸಿದಾಗ, ಮುಂದೆ ಸೇವೆ ಮಾಡುವ ಅವರ ಮನಸ್ಸು ಕುಗ್ಗಿತ್ತು. ಮೆಕ್ಸಿಕೋದಲ್ಲಿ ಡಿಗ್ರಿ ಕೈಗೆ ಬರಬೇಕಾದರೆ ಕನಿಷ್ಠ 480 ಗಂಟೆ ಸಮಾಜಸೇವೆ ಮಾಡಬೇಕು. ಅದರ ಉದ್ದೇಶ ಬೇರೆ. ಸಮಾಜದ ದುಡ್ಡಿನಲ್ಲಿ ಓದಿದವರು ಸಮಾಜಕ್ಕೆ ಸ್ವಲ್ಪ ಹಿಂದಿರುಗಿಸಲಿ ಅನ್ನುವ ವಾದವನ್ನು ನಾನು ಒಪ್ಪಬಲ್ಲೆ. ಆದರೆ ಅದನ್ನು ಪಾಸಾಗಲು ಬೇಕಾದ ಒಂದು ಷರತ್ತು ಅಂತಲೇ ಕರೆಯಿರಿ. ಎಲ್ಲರೂ ಮಾಡಲೇಬೇಕಾದ್ದನ್ನು ಮಾಡಿದ್ದೇನೆ ಅಂತ ಇಂಟರ್‌ವ್ಯೂನಲ್ಲಿ ಹೇಳಿದರೆ ಯಾರ ಹುಬ್ಬೂ ಮೇಲೇರುವುದಿಲ್ಲ.

ದುಡ್ಡು ಕೊಟ್ಟು ಬೇರೆ ದೇಶಕ್ಕೆ ಹೋಗಿ ಎರಡು ವಾರ ಅನಾಥಾಶ್ರಮದಲ್ಲಿ 'ಸೇವೆ' ಮಾಡಿ ಬರುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಂಬೋಡಿಯಾದ ಅನಾಥಾಶ್ರಮಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೋಡಲು ಬರುವವರಿಗಾಗಿ ಮಕ್ಕಳನ್ನು ಇಟ್ಟುಕೊಳ್ಳುವ ವ್ಯಾಪಾರ ಅದು. ಅಂಥ ಫೋಟೋ ಹಾಕಿದ ರೆಸ್ಯೂಮೆ ನನ್ನ ಕೈಗೆ ಬಂದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಸಮಯವೇ ಇಲ್ಲದ ವಿದ್ಯಾರ್ಥಿಗಳು. ಬೆಳಿಗ್ಗೆ ಕಾಲೇಜು, ಸಂಜೆಯಿಂದ ರಾತ್ರಿವರೆಗೆ ಅಂಗಡಿಯಲ್ಲೋ ಗೋದಾಮಿನಲ್ಲೋ ಕೆಲಸ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಇದ್ದಾರೆ. ತಮ್ಮ ತಂಗಿಯರ ಫೀಸು ಕಟ್ಟುವವರು ಇದ್ದಾರೆ. ಇವರ ರೆಸ್ಯೂಮೆಯಲ್ಲಿ 'ಸ್ವಯಂಸೇವೆ' ಎಂಬ ಕಾಲಂ ಖಾಲಿ. ಬಿಟ್ಟಿ ದುಡಿಯಲು ಶಕ್ತಿ ಇದ್ದವರಿಗೆ ಮಾತ್ರ ಸಿಗುವ ಅಂಕ ಇದು ಅನ್ನುವುದನ್ನು ನಾವು, ಆರಿಸುವ ಕಡೆ ಕೂತವರು, ಮರೆಯುತ್ತೇವೆ. ಸಂಜೆ ಪಾಳಿಯಲ್ಲಿ ಸಿಟ್ಟಾದ ಗಿರಾಕಿಯನ್ನು ಸಂಭಾಳಿಸಿದ ಹುಡುಗಿಗೆ, ಶಿಬಿರದಲ್ಲಿ ಮೈಕ್ ಹಿಡಿದ ಹುಡುಗನಿಗಿಂತ ಕಡಿಮೆ ಬರುತ್ತದಾ? ನಾನು ಇಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಕೈಗೆ ಏನು ಒಪ್ಪಿಸಿದ್ದರು, ಎಲ್ಲಿ ಕೆಟ್ಟಿತು, ಆಮೇಲೆ ಏನು ಮಾಡಿದಿರಿ? ಉತ್ತರದಲ್ಲಿ ಸಂಬಳದ ವಿಷಯ ಬಂದರೂ ಬರದಿದ್ದರೂ ನನಗೆ ಒಂದೇ.

ಫೈನಲ್ ಇಯರ್‌ನಲ್ಲಿ ಇರುವವರಿಗೆ: ಕ್ಯಾಂಪಸ್ ಇಂಟರ್‌ವ್ಯೂಗೆ ಇನ್ನೊಂದು ತಿಂಗಳಿದೆ ಅಂತ ಗಾಬರಿಯಲ್ಲಿ ಯಾವುದೋ ಸಂಸ್ಥೆಗೆ ಹೋಗಿ ಹೆಸರು ಬರೆಸಬೇಡಿ. ಅಲ್ಲಿರುವವರಿಗೂ ನಿಮ್ಮಿಂದ ತೊಂದರೆಯೇ. ಮಾಡಿದ ಪಾರ್ಟ್ ಟೈಮ್ ಕೆಲಸವನ್ನು ನಾಚಿಕೆ ಇಲ್ಲದೆ ಬರೆಯಿರಿ. ಮೊದಲ ವರ್ಷದಲ್ಲಿ ಇರುವವರು ಒಂದೇ ಒಂದು ಜಾಗ ಆರಿಸಿಕೊಳ್ಳಿ. ಪರೀಕ್ಷೆ ಬಂದಾಗಲೂ ಬಿಡದೆ ಹೋಗಲು ಆಗುವಂಥದ್ದು, ಮನೆಗೆ ಹತ್ತಿರದ್ದು. ಕೆಲವು ತಿಂಗಳಾದ ಮೇಲೆ ಯಾರಿಗೂ ಬೇಡದ ಕೆಲಸವೊಂದನ್ನು, ಉದಾಹರಣೆಗೆ ಲೆಕ್ಕ ಇಡುವುದನ್ನು, ನೀವೇ ಕೇಳಿ ತೆಗೆದುಕೊಳ್ಳಿ. ಬಿಡುವಾಗ ಅದನ್ನು ಇನ್ನೊಬ್ಬರಿಗೆ ಕಲಿಸಿ ಬಿಡಿ. ಶಿಫಾರಸು ಪತ್ರ ಬೇಕಿದ್ದರೆ ಸಂಸ್ಥೆಯ ಅಧ್ಯಕ್ಷರನ್ನು ಕೇಳಬೇಡಿ, ನಿಮ್ಮ ಜೊತೆ ಕೂತು ದುಡಿದವರನ್ನು ಕೇಳಿ. ಅದನ್ನೂ ಬಿಡುವ ವಾರವೇ ಕೇಳಿಬಿಡಿ. ವರ್ಷ ಕಳೆದ ಮೇಲೆ ಕೇಳಿದರೆ 'ಒಳ್ಳೆಯ ಹುಡುಗ' ಅಂತಷ್ಟೇ ಬರೆದು ಕೊಡುತ್ತಾರೆ.