ಅಮ್ಮನ ಇನ್ಸುಲಿನ್ ಮತ್ತು ಆ ಟ್ರೇ

ಅಮ್ಮನನ್ನು ಕರೆದುಕೊಂಡು ವಿಮಾನ ಹತ್ತುವಾಗಲೆಲ್ಲ ಇದೇ ಗೋಳು. ಸೆಕ್ಯೂರಿಟಿ ಚೆಕ್‌ನಲ್ಲಿ ನಮ್ಮ ಬ್ಯಾಗ್ ಪಕ್ಕಕ್ಕೆ ಸರಿಯುತ್ತದೆ. ‘ಇದೇನು, ಸೂಜಿನಾ?’ ಇನ್ಸುಲಿನ್ ಪೆನ್ನು ಸ್ವಾಮಿ, ಡಾಕ್ಟರ ಚೀಟಿ ಮೇಲೇ ಇಟ್ಟಿದ್ದೇನೆ ನೋಡಿ.

ಮೊನ್ನೆಯಂತೂ ಒಬ್ಬರು, ‘ಚೆಕ್-ಇನ್ ಬ್ಯಾಗಿಗೆ ಹಾಕಬಹುದಿತ್ತಲ್ವಾ?’ ಅಂದರು. ಹಾಕಬಾರದು! ವಿಮಾನದ ಕೆಳಗಿನ ಸಾಮಾನು ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಮುಗೀತು, ಕರಗಿದ ಮೇಲೂ ಕೆಲಸಕ್ಕೆ ಬಾರದು. ಬ್ಯಾಗೇ ಬೇರೆ ಊರಿಗೆ ಹೋದರೆ ರಾತ್ರಿ ಡೋಸಿಗೆ ಏನು ಮಾಡೋದು? ಬಳಸಲು ಶುರುಮಾಡದ ಪೆನ್ನು 2ರಿಂದ 8 ಡಿಗ್ರಿಯಲ್ಲಿರಬೇಕು ಅಂತ ಐಸ್ ಪ್ಯಾಕ್ ಸುತ್ತಿ ತಂದರೆ ಅದನ್ನೂ ಬಿಚ್ಚಿಸಿದರು. ವಿದೇಶಿ ಪ್ರಯಾಣದಲ್ಲಿ ದ್ರವಕ್ಕೆ 100 ಎಂಎಲ್ ಮಿತಿ ಇದೆ, ನಿಜ. ಔಷಧಿಗೆ ವಿನಾಯಿತಿಯೂ ಇದೆಯಲ್ಲ!

ತಪಾಸಣೆ ಮಾಡಲಿ, ಬೇಡ ಅನ್ನಲ್ಲ. ಆದರೆ ಹಿಂದೆ ಅಷ್ಟುದ್ದ ಸಾಲು ನಿಂತಿರುವಾಗ, ‘ಶುಗರ್ ಎಷ್ಟು ವರ್ಷದಿಂದ?’ ಅಂತ ಗಟ್ಟಿಯಾಗಿ ಕೇಳಬೇಕಾ? ಅಮ್ಮ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು. ನನಗೆ ಹೊಟ್ಟೆ ಉರಿದುಹೋಯಿತು.

ಬೆಳಗಿನದು, ರಾತ್ರಿಯದು ಅಂತ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಮಾತ್ರೆಗಳೆಲ್ಲ ಟ್ರೇಯಲ್ಲಿ ಬೆರೆತುಹೋಗಿದ್ದವು. ಗೇಟಿನ ಹತ್ತಿರ ಕೂತು ಮತ್ತೆ ಒಂದೊಂದೇ ಜೋಡಿಸಿದೆ.