ಸತ್ಯಾಂಶ: ಮಾಧ್ಯಮಕ್ಕೆ ಎರಡೇ ಬಗೆಯ ಒಡೆಯರಾ?

"ಮಾಧ್ಯಮ ಅಂದ್ರೆ ಒಂದೋ ಕಂಪನಿಯದ್ದು, ಇಲ್ಲಾ ಸರ್ಕಾರದ್ದು" ಎನ್ನುವ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ಹಂಚುವವರ ಬೇಸರ ನಿಜವೇ. ಆದರೆ ಮಾತು ತಪ್ಪು.

ಬ್ರಿಟನ್ನಿನ ಹೆಸರಾಂತ ದಿನಪತ್ರಿಕೆಯೊಂದು 1936ರಲ್ಲೇ ಟ್ರಸ್ಟ್ ಕೈಗೆ ಬಂತು. ಅಲ್ಲಿ ಲಾಭ ಬಂದರೆ ಪತ್ರಿಕೋದ್ಯಮಕ್ಕೇ ವಾಪಸ್ ಹೋಗುತ್ತದೆ. ಜರ್ಮನಿಯ ಒಂದು ಪತ್ರಿಕೆ 1992ರಿಂದ ಸಹಕಾರ ಸಂಘದ್ದು. ಓದುಗರೇ ಸದಸ್ಯರು. ಯಾರು ಎಷ್ಟೇ ಹಣ ಹಾಕಿದರೂ ಒಬ್ಬರಿಗೆ ಒಂದೇ ಮತ. ನನಗೆ ಎಲ್ಲಕ್ಕಿಂತ ಜಾಸ್ತಿ ಮೆಚ್ಚುಗೆಯಾಗಿದ್ದು ಇದೇ. ಊರಿನ ಜನರಿಗಾಗಿ, ಲಾಭದ ಉದ್ದೇಶವಿಲ್ಲದೆ ನಡೆಯುವ ಸಮುದಾಯ ರೇಡಿಯೋಗಳೂ ಇವೆ. ಹಣದ ಕಷ್ಟ ಇವಕ್ಕೂ ತಪ್ಪಿದ್ದಲ್ಲ.

ನೀವೇ ಪರೀಕ್ಷಿಸಬಹುದು. ಪತ್ರಿಕೆಯ 'ನಮ್ಮ ಬಗ್ಗೆ' ಪುಟ, ವಾರ್ಷಿಕ ವರದಿ ತೆರೆಯಿರಿ. ಒಡೆತನ ಯಾರದ್ದು, ಲಾಭ ಎಲ್ಲಿಗೆ ಹೋಗುತ್ತದೆ, ಸಂಪಾದಕರನ್ನು ನೇಮಿಸುವವರು ಯಾರು ಎಂದು ನೋಡಿ. ಅಲ್ಲಿ ಬರೆದಿಲ್ಲದಿದ್ದರೆ ಅವರನ್ನೇ ಕೇಳಿ.