ಶುಗರ್ ನಾರ್ಮಲ್, ಲಿವರ್ ಅಲ್ಲ

ನಮ್ಮ ಮಾತಿನಲ್ಲಿ ಒಂದು ತಮಾಷೆ ಇದೆ. ಕಾಯಿಲೆಗೇ ಸಕ್ಕರೆಯ ಹೆಸರು ಇಟ್ಟುಬಿಟ್ಟಿದ್ದೇವೆ. ‘ಅವರಿಗೆ ಶುಗರ್ ಇದೆ’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಹಾಗಾಗಿ ಶುಗರ್ ಇಲ್ಲದವರು ಸಕ್ಕರೆಯ ವಿಷಯದಲ್ಲಿ ಪೂರ್ತಿ ಆರಾಮ. ನಾನೂ ಹಾಗೇ ಇದ್ದೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು, ರಿಪೋರ್ಟ್‌ನಲ್ಲಿ ಆ ಒಂದು ಸಾಲು ಹುಡುಕುವುದು, ನಾರ್ಮಲ್ ಅಂತ ಕಂಡರೆ ಕಾಗದ ಮಡಚಿ ಡ್ರಾಯರ್‌ಗೆ ಹಾಕುವುದು. ಉಳಿದ ಸಾಲುಗಳನ್ನು ಓದಿದ ನೆನಪೇ ಇಲ್ಲ.

ಹೋದ ವರ್ಷ ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಬೇಕಾಯಿತು. ನೋವಿಗೆ ಕಾರಣ ಸಿಗಲಿಲ್ಲ, ಎರಡು ದಿನದಲ್ಲಿ ಅದು ತಾನಾಗಿ ಹೋಯಿತು. ಆದರೆ ರಿಪೋರ್ಟ್‌ನ ಕೆಳಗೆ ‘ಫ್ಯಾಟಿ ಲಿವರ್, ಗ್ರೇಡ್ 1’ ಅಂತ ಇತ್ತು. ಡಾಕ್ಟರು ಮೊದಲು ಕೇಳಿದ್ದು, ‘ಡ್ರಿಂಕ್ಸ್ ತಗೋತೀರಾ?’ ಇಲ್ಲವೇ ಇಲ್ಲ ಅಂದೆ, ಸ್ವಲ್ಪ ಜಂಬದಿಂದಲೇ. ‘ಆ ಡ್ರಿಂಕ್ಸ್ ಬಿಡಿ. ಜ್ಯೂಸ್, ಕೋಲಾ?’ ಅಂದರು. ಅಲ್ಲಿ ಸಿಕ್ಕಿಬಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಟೀ ಚಮಚ ಸಕ್ಕರೆ ಅಂದರೆ ಸುಮಾರು 4 ಗ್ರಾಂ. ದಿನಕ್ಕೆ ಮೂರು ಟೀ, ಒಂದೊಂದಕ್ಕೆ ಎರಡು ಚಮಚ. ಅಲ್ಲಿಗೆ ಆರು ಚಮಚ. ಬೆಳಗ್ಗೆ ‘ಆರೋಗ್ಯಕ್ಕೆ ಒಳ್ಳೆಯದು’ ಅಂತ ಕುಡಿಯುತ್ತಿದ್ದ ಒಂದು ದೊಡ್ಡ ಲೋಟ ಪ್ಯಾಕೆಟ್ ಜ್ಯೂಸ್‌ನಲ್ಲಿ ಇನ್ನೊಂದು ಆರು. ಮಧ್ಯಾಹ್ನದ ನಿದ್ದೆ ಓಡಿಸಲು 330 ಮಿಲಿಲೀಟರ್‌ನ ಒಂದು ಕೋಲಾ ಕ್ಯಾನ್, ಅದರಲ್ಲಿ 35 ಗ್ರಾಂ, ಅಂದರೆ ಒಂಬತ್ತು ಚಮಚಕ್ಕೆ ಸ್ವಲ್ಪ ಕಮ್ಮಿ. ಒಟ್ಟು ಇಪ್ಪತ್ತೊಂದು. ಬಿಸ್ಕತ್ತನ್ನು ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಯಾರಾದರೂ ಬಟ್ಟಲಲ್ಲಿ ಇಪ್ಪತ್ತೊಂದು ಚಮಚ ಸಕ್ಕರೆ ಹಾಕಿ ತಿನ್ನು ಅಂದಿದ್ದರೆ ಬೈದು ಕಳಿಸುತ್ತಿದ್ದೆ. ಕರಗಿಸಿ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿ ಕುಡಿದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದಕ್ಕೊಂದು ಮಿತಿ ಹೇಳಿದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ 10%ಗಿಂತ ಕಮ್ಮಿ ಸಕ್ಕರೆಯಿಂದ ಬರಬೇಕು. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, ಹನ್ನೆರಡು ಚಮಚ. 5%ಗಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದು ಅಂತಲೂ ಸೇರಿಸಿದ್ದಾರೆ. ಅಲ್ಲಿಗೆ ಆರು ಚಮಚ. ನನ್ನ ಜ್ಯೂಸ್ ಲೋಟ ಕೆಳಗಿಡುವಷ್ಟರಲ್ಲೇ ಆ ಆರು ಮುಗಿದಿರುತ್ತಿತ್ತು.

‘ಹಣ್ಣಿನ ರಸ ಅಲ್ವಾ, ಅದೂ ಲೆಕ್ಕಕ್ಕೆ ಬರುತ್ತಾ?’ ಅಂತ ನಾನೂ ಕೇಳಿದ್ದೆ. ಬರುತ್ತದೆ. ಜ್ಯೂಸ್ ಬರುತ್ತದೆ, ಜೇನುತುಪ್ಪ ಬರುತ್ತದೆ, ಸಿರಪ್ ಬರುತ್ತದೆ. ಇಡೀ ಹಣ್ಣು ಬರುವುದಿಲ್ಲ. ಒಂದು ಲೋಟ ರಸಕ್ಕೆ ಮೂರು ಕಿತ್ತಳೆ ಹಿಂಡುತ್ತೇವೆ, ಒಂದೇ ನಿಮಿಷದಲ್ಲಿ ಕುಡಿಯುತ್ತೇವೆ. ಅದೇ ಮೂರು ಹಣ್ಣು ಬಿಡಿಸಿ ತಿನ್ನಲು ಕೂತರೆ ಎರಡನೆಯದಕ್ಕೇ ಸಾಕು ಅನಿಸುತ್ತದೆ. ನಾರು ಇದೆ, ಅಗಿಯುವ ಕೆಲಸ ಇದೆ, ಸಕ್ಕರೆ ನಿಧಾನಕ್ಕೆ ರಕ್ತ ಸೇರುತ್ತದೆ. ಕುಡಿದ ಸಕ್ಕರೆಗೆ ಈ ತಡೆ ಯಾವುದೂ ಇಲ್ಲ. ಹೊಟ್ಟೆಯೂ ಅದನ್ನು ಊಟ ಅಂತ ಸರಿಯಾಗಿ ಲೆಕ್ಕ ಇಡುವುದಿಲ್ಲ. ಕೋಲಾ ಕುಡಿದೆ ಅಂತ ಯಾರೂ ರಾತ್ರಿ ಊಟದಲ್ಲಿ ಒಂದು ತುತ್ತು ಕಮ್ಮಿ ಮಾಡುವುದಿಲ್ಲವಲ್ಲ.

ಸರಿ, ಇದಕ್ಕೂ ಲಿವರ್‌ಗೂ ಏನು ಸಂಬಂಧ? ನನಗೆ ಹೊಸದಾಗಿ ತಿಳಿದದ್ದು ಇದೇ. ಸಕ್ಕರೆಯ ಒಂದು ಕಣದಲ್ಲಿ ಎರಡು ತುಂಡು ಇರುತ್ತವೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್, ಅರ್ಧರ್ಧ. ಗ್ಲೂಕೋಸ್ ಮೈಯ ಎಲ್ಲ ಕಡೆ ಬಳಕೆಯಾಗುತ್ತದೆ. ಫ್ರಕ್ಟೋಸ್‌ನ ಹೆಚ್ಚಿನ ಪಾಲು ಲಿವರ್‌ಗೆ ಹೋಗುತ್ತದೆ. ಸ್ವಲ್ಪ ಬಂದರೆ ತೊಂದರೆ ಇಲ್ಲ. ದಿನವೂ ಒಟ್ಟಿಗೇ ಸುರಿದರೆ ಲಿವರ್ ಅದನ್ನು ಕೊಬ್ಬು ಮಾಡತೊಡಗುತ್ತದೆ. ಒಂದಷ್ಟು ಅಲ್ಲೇ ಉಳಿಯುತ್ತದೆ, ಅದೇ ಫ್ಯಾಟಿ ಲಿವರ್. ಇನ್ನೊಂದಷ್ಟು ರಕ್ತಕ್ಕೆ ಬರುತ್ತದೆ, ಅದು ಟ್ರೈಗ್ಲಿಸರೈಡ್. ಹಳೆಯ ರಿಪೋರ್ಟ್‌ಗಳನ್ನು ಡ್ರಾಯರ್‌ನಿಂದ ತೆಗೆದು ನೋಡಿದೆ. ಟ್ರೈಗ್ಲಿಸರೈಡ್ ಸಾಲಿನ ಮುಂದೆ ಮೂರು ವರ್ಷದಿಂದ ದಪ್ಪ ಅಕ್ಷರದಲ್ಲಿ ‘ಹೈ’ ಅಂತ ಇತ್ತು. ನಾನು ಮೂರು ವರ್ಷದಿಂದ ಅದರ ಮೇಲಿನ ಸಾಲು ಓದಿ ಖುಷಿಪಟ್ಟಿದ್ದೆ.

ಆ ಮೇಲಿನ ಸಾಲಿನ ಬಗ್ಗೆಯೂ ಒಂದು ಮಾತು. ರಕ್ತದಲ್ಲಿ ಸಕ್ಕರೆ ನಾರ್ಮಲ್ ಇದೆ ಅಂದರೆ ಒಳಗೆ ಎಲ್ಲ ಸರಿ ಇದೆ ಅಂತಲೇ ಅರ್ಥ ಅಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ಸುಲಿನ್. ಮೈ ಅದರ ಮಾತು ಕೇಳುವುದು ಕಮ್ಮಿ ಮಾಡಿದಾಗ ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಬಿಟ್ಟು ಸರಿದೂಗಿಸುತ್ತದೆ. ವರ್ಷಗಟ್ಟಲೆ ಹೀಗೆ ನಡೆಯಬಹುದು. ಅಷ್ಟು ದಿನವೂ ರಿಪೋರ್ಟ್ ನಾರ್ಮಲ್. ಪ್ಯಾಂಕ್ರಿಯಾಸ್‌ಗೆ ಸುಸ್ತಾದ ಮೇಲೆ ನಮಗೆ ಗೊತ್ತಾಗುವುದು.

ಹಾಗಂತ ಸಕ್ಕರೆ ತಿಂದವರಿಗೆಲ್ಲ ಸಕ್ಕರೆ ಕಾಯಿಲೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ಅಷ್ಟು ಸರಳ ಅಲ್ಲ. ವಂಶ, ತೂಕ, ಓಡಾಟ, ನಿದ್ದೆ ಎಲ್ಲವೂ ಸೇರುತ್ತವೆ. ಆದರೆ ಸಿಹಿ ಪಾನೀಯದ ಮೇಲಿನ ಆರೋಪ ಗಟ್ಟಿಯಾಗಿದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪ್ರಕಾರ, ದಿನಕ್ಕೆ ಒಂದೆರಡು ಸಲ ಇಂಥ ಪಾನೀಯ ಕುಡಿಯುವವರಿಗೆ ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ, ಕುಡಿಯದವರಿಗಿಂತ ಅಥವಾ ಅಪರೂಪಕ್ಕೆ ಕುಡಿಯುವವರಿಗಿಂತ 26% ಜಾಸ್ತಿ.

ಇನ್ನೊಂದು ಅಧ್ಯಯನ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಬಂತು, ಯುದ್ಧ ಮುಗಿದ ಮೇಲೂ ಮುಂದುವರಿಯಿತು. 1953ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದರು. ಜನ ತಿನ್ನುವ ಸಕ್ಕರೆ ಸ್ವಲ್ಪ ಕಾಲದಲ್ಲೇ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಆ ದಿನದ ಆಚೆ ಈಚೆ ಹುಟ್ಟಿದವರನ್ನು ಹೋಲಿಸಿ 2024ರಲ್ಲಿ ಒಂದು ವರದಿ ಬಂತು. ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷ ರೇಷನ್ ಸಕ್ಕರೆಯಲ್ಲೇ ಕಳೆದವರಿಗೆ ಮುಂದೆ ಟೈಪ್ 2 ಡಯಾಬಿಟಿಸ್‌ನ ಅಪಾಯ ಸುಮಾರು 35% ಕಮ್ಮಿ, ಬಿಪಿಯ ಅಪಾಯ ಸುಮಾರು 20% ಕಮ್ಮಿ. ಯಾರೂ ಬೇಕು ಅಂತ ಮಾಡಿದ ಪ್ರಯೋಗ ಅಲ್ಲ ಅದು. ಸರ್ಕಾರದ ಒಂದು ಆದೇಶ ಮಾಡಿದ ಕೆಲಸ. ಇದನ್ನು ಓದಿದ ಮೇಲೆ, ಅಳುವ ಮಗುವಿನ ಬಾಯಿಗೆ ಸಿಹಿ ಇಟ್ಟು ಸಮಾಧಾನ ಮಾಡಿದ ನನ್ನದೇ ಎಷ್ಟು ಸಂದರ್ಭಗಳು ನೆನಪಾದವೋ.

ಮಕ್ಕಳ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಸಿಹಿ ತಿಂದರೆ ಮಕ್ಕಳು ಕುಣಿದಾಡುತ್ತಾರೆ ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ. 1994ರ ಒಂದು ಅಧ್ಯಯನದಲ್ಲಿ ‘ನಿಮ್ಮ ಮಗುವಿಗೆ ಜಾಸ್ತಿ ಸಕ್ಕರೆ ಕೊಟ್ಟಿದ್ದೇವೆ’ ಅಂತ ಕೆಲವು ತಾಯಂದಿರಿಗೆ ಹೇಳಿದರು. ನಿಜಕ್ಕೂ ಕೊಟ್ಟದ್ದು ಸಕ್ಕರೆ ಇಲ್ಲದ ಪಾನೀಯ. ಆದರೂ ಆ ತಾಯಂದಿರ ಕಣ್ಣಿಗೆ ಮಕ್ಕಳು ಜಾಸ್ತಿ ಚೇಷ್ಟೆ ಮಾಡಿದಂತೆ ಕಂಡರು! ಸಕ್ಕರೆ ‘ಬಿಳಿ ವಿಷ’ ಅಂತ ಫಾರ್ವರ್ಡ್ ಮಾಡುವವರ ಜೊತೆ ನನಗೆ ಜಗಳ ಇರುವುದು ಇಲ್ಲೇ. ಇಲ್ಲದ ಆರೋಪ ಹೊರಿಸಿದರೆ ಇರುವ ಆರೋಪವನ್ನೂ ಜನ ನಂಬುವುದಿಲ್ಲ.

ಇನ್ನೊಂದು ಕಡೆಯ ಆಟವೂ ಸಣ್ಣದಲ್ಲ. 1967ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹಾರ್ವರ್ಡ್ ವಿಜ್ಞಾನಿಗಳ ಲೇಖನ ಬಂತು. ಹೃದಯದ ಕಾಯಿಲೆಯಲ್ಲಿ ಸಕ್ಕರೆಯ ಪಾತ್ರವನ್ನು ಅದು ಹಗುರ ಮಾಡಿ, ಕೊಬ್ಬಿನ ಕಡೆ ಬೆರಳು ತೋರಿಸಿತ್ತು. ಅದಕ್ಕೆ ದುಡ್ಡು ಕೊಟ್ಟದ್ದು ಸಕ್ಕರೆ ಉದ್ಯಮದವರ ಶುಗರ್ ರಿಸರ್ಚ್ ಫೌಂಡೇಶನ್. ಲೇಖನದಲ್ಲಿ ಆ ವಿಷಯವೇ ಇರಲಿಲ್ಲ. ಹಳೆಯ ಕಾಗದಪತ್ರ ಕೆದಕಿ ಸಂಶೋಧಕರು ಇದನ್ನು ಹೊರಗೆ ಹಾಕಿದ್ದು 2016ರಲ್ಲಿ. ನಡುವೆ ನಲವತ್ತೊಂಬತ್ತು ವರ್ಷ. ಕೊಬ್ಬು ತೆಗೆದು, ರುಚಿಗೆ ಸಕ್ಕರೆ ಸುರಿದು, ‘ಲೋ ಫ್ಯಾಟ್’ ಅಂತ ಮಾರಿದ್ದನ್ನು ಆರೋಗ್ಯ ಅಂದುಕೊಂಡು ತಿಂದವರಲ್ಲಿ ನಾನೂ ಒಬ್ಬ.

ಈಗ ಪ್ಯಾಕೆಟ್ ತಿರುಗಿಸಿ ಓದುವ ಚಟ ಹತ್ತಿದೆ. ಮನೆಯವರಿಗೆ ಇದು ಕಿರಿಕಿರಿ. ಸಕ್ಕರೆ ಎಷ್ಟು ಗ್ರಾಂ ಇದೆ ನೋಡಿ ನಾಲ್ಕರಿಂದ ಭಾಗಿಸಿದರೆ ಚಮಚ ಸಿಗುತ್ತದೆ, ಅಷ್ಟೇ ಗಣಿತ. ಡೆಕ್ಸ್‌ಟ್ರೋಸ್, ಕಾರ್ನ್ ಸಿರಪ್, ಇನ್ವರ್ಟ್ ಸಿರಪ್, ಹಣ್ಣಿನ ರಸದ ಕಾನ್ಸಂಟ್ರೇಟ್, ಎಲ್ಲ ಒಂದೇ ಮನೆಯ ಮಕ್ಕಳು. ಟೊಮೆಟೊ ಕೆಚಪ್‌ನ ಒಂದು ದೊಡ್ಡ ಚಮಚದಲ್ಲಿ ಹತ್ತಿರ ಹತ್ತಿರ ಒಂದು ಟೀ ಚಮಚ ಸಕ್ಕರೆ ಇರುತ್ತದೆ ಅಂತ ನನಗೆ ಈ ವರ್ಷ ಗೊತ್ತಾಯಿತು. ಜೇನು ಹಾಕಿಕೊಳ್ಳಿ ಅಂತ ಹೇಳುವವರಿಗೆ: ಜೇನಿನಲ್ಲಿ ಸುಮಾರು 80% ಸಕ್ಕರೆಯೇ. ಡಯಟ್ ಕೋಲಾ? ತೂಕ ಇಳಿಸಲು ಸಕ್ಕರೆ ಇಲ್ಲದ ಸಿಹಿಕಾರಕ ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನಾನಂತೂ ನೀರಿಗೆ ಬಂದುಬಿಟ್ಟೆ.

ನಾನು ಮಾಡಿದ್ದು ದೊಡ್ಡ ತಪಸ್ಸೇನಲ್ಲ. ಕುಡಿಯುವ ಸಕ್ಕರೆ ಬಿಟ್ಟೆ, ಟೀ ಒಂದನ್ನು ಬಿಟ್ಟು. ಟೀಯಲ್ಲಿ ಎರಡು ಚಮಚ ಒಂದೂವರೆ ಆಯಿತು, ಆಮೇಲೆ ಒಂದು, ಈಗ ಅರ್ಧ. ಮೊದಲ ವಾರ ತಲೆ ಕೆಟ್ಟಿತ್ತು, ಸಿಕ್ಕವರ ಮೇಲೆಲ್ಲ ರೇಗಿದೆ. ಸಂಜೆ ಅರ್ಧ ಗಂಟೆ ನಡೆಯುತ್ತೇನೆ. ಯಾರಾದರೂ ಪ್ರೀತಿಯಿಂದ ಸಿಹಿ ಕೊಟ್ಟರೆ ತಿನ್ನುತ್ತೇನೆ, ಕೂತು, ಪೂರ್ತಿ ರುಚಿ ನೋಡಿ. ತೂಕ ಇಳಿದಿದೆ. ಟ್ರೈಗ್ಲಿಸರೈಡ್ ಸಾಲಿನ ಮುಂದಿನ ‘ಹೈ’ ಹೋಗಿದೆ. ಲಿವರ್‌ನ ಕೊಬ್ಬು ಈ ಹಂತದಲ್ಲಿ ಕರಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ.

ಹಲ್ಲಿನ ಕಥೆ ಬೇರೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಸಿಡ್ ಮಾಡುತ್ತವೆ, ಅದು ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಎಷ್ಟು ತಿಂದೆವು ಅನ್ನುವುದರ ಜೊತೆಗೆ ಎಷ್ಟು ಸಲ ತಿಂದೆವು ಅನ್ನುವುದೂ ಇಲ್ಲಿ ತುಂಬಾ ಮುಖ್ಯ, ಯಾಕೆಂದರೆ ಪ್ರತಿ ಸಲವೂ ಎಂಜಲು ಆ ಆಸಿಡ್ ತೊಳೆಯಲು ಅರ್ಧ ಗಂಟೆಯಾದರೂ ಬೇಕು. ನಾನು ಒಂದು ಕ್ಯಾನ್ ಕೋಲಾವನ್ನು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ, ಕಮ್ಮಿ ಕುಡಿದ ಹಾಗಾಗುತ್ತದೆ ಅಂತ. ಎಡಗಡೆ ಎರಡು ಹಲ್ಲು ತುಂಬಿಸಿ ಆಗಿದೆ, ಬಲಗಡೆಯದಕ್ಕೆ ಗುರುವಾರ ಬರಲು ಹೇಳಿದ್ದಾರೆ.